ಲುವೊ ಎಂಬುದು ಒಂದು ಭಾಷೆಯೋ, ಹಲವು ಭಾಷೆಗಳೋ? ಅದನ್ನಾಡುವವರೆಲ್ಲ ಒಂದೇ ಮೂಲದವರೇ?

ಪ್ರಶ್ನೆ: ಸಹ್ಯಾದ್ರಿ ಓದುಗ

ಕೀನ್ಯಾದ ಮಾಜಿ ಪ್ರಧಾನಿ ರೈಲಾ ಒಡಿಂಗಾ ಅವರು ಆಯುರ್ವೇದ ಚಿಕಿತ್ಸೆಗೆಂದು ಕೇರಳದ ಕೂತಾಟ್ಟುಕುಳಕ್ಕೆ ಬಂದಿದ್ದಾಗ 2025ರ ಅಕ್ಟೋಬರ್ 15ರಂದು ತೀರಿಕೊಂಡರಷ್ಟೆ. ಆಗ ಬಂದ ಸುದ್ದಿಗಳಲ್ಲೆಲ್ಲ ಅವರನ್ನು ಲುವೊ ಜನಾಂಗದ ನಾಯಕ ಎಂದು ಕರೆದಿದ್ದರು. ಆ ಹೆಸರಿನ ಬೆನ್ನು ಹತ್ತಿ ಓದತೊಡಗಿದಾಗಿನಿಂದ ನನಗೆ ಒಂದಕ್ಕೊಂದು ಹೊಂದದ ಮಾಹಿತಿ ಸಿಗುತ್ತಿದೆ. ಒಂದು ಕಡೆ ಲುವೊ ಎಂದರೆ ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ ಕೀನ್ಯಾದ ಒಂದು ಜನಾಂಗ ಎಂದಿದೆ. ಇನ್ನೊಂದು ಕಡೆ ಉಗಾಂಡಾದ ಅಚೋಲಿ, ಲಾಂಗೊ, ಅಲುರ್ ಜನರನ್ನೂ ಲುವೊ ಎಂದೇ ಹೇಳಲಾಗಿದೆ. ದಕ್ಷಿಣ ಸುಡಾನಿನ ವಾವ್ ಪಟ್ಟಣದ ಸುತ್ತ ತಮ್ಮನ್ನು ಲುವೊ ಎಂದೇ ಕರೆದುಕೊಳ್ಳುವ ಮತ್ತೊಂದು ಜನಸಮುದಾಯವಿದೆಯೆಂದೂ, ಬಿಳಿ ನೈಲ್ ನದಿಯ ಶಿಲ್ಲುಕ್ ಅರಸೊತ್ತಿಗೆಯವರೂ ಇಥಿಯೋಪಿಯಾದ ಗಂಬೇಲಾ ಪ್ರಾಂತ್ಯದ ಅನುವಾಕರೂ ಇದೇ ಬಳಗಕ್ಕೆ ಸೇರಿದವರೆಂದೂ ಓದಿದೆ.

ನಕ್ಷೆಯಲ್ಲಿ ಈ ಊರುಗಳನ್ನು ಗುರುತಿಸಿದರೆ ಅವು ಒಂದಕ್ಕೊಂದು ತಾಗಿಕೊಂಡೂ ಇಲ್ಲ. ಬೇರೆ ಭಾಷೆಗಳನ್ನಾಡುವ ಜನರ ನಡುವೆ ಅಲ್ಲೊಂದು ಇಲ್ಲೊಂದು ತುಂಡಾಗಿ ಹರಡಿಕೊಂಡಿವೆ. ಇವರೆಲ್ಲ ಆಡುವುದು ಒಂದೇ ಭಾಷೆಯ ಉಪಭಾಷೆಗಳನ್ನೋ, ಬೇರೆ ಬೇರೆ ಭಾಷೆಗಳನ್ನೋ? ಕೀನ್ಯಾದ ಲುವೊ ಊರಾದ ಕಿಸುಮುವಿನವರೊಬ್ಬರು ಉಗಾಂಡಾದ ಅಚೋಲಿ ಊರಾದ ಗುಲುವಿಗೆ ಹೋದರೆ ಅಲ್ಲಿನ ಮಾತು ಅವರಿಗೆ ಎಷ್ಟರ ಮಟ್ಟಿಗೆ ತಿಳಿದೀತು? ಎಲ್ಲಕ್ಕಿಂತ ಮುಖ್ಯವಾಗಿ, ಇವರೆಲ್ಲರೂ ಒಂದೇ ಮೂಲದಿಂದ ಕವಲೊಡೆದು ಬಂದವರೆಂದು ಹೇಳುವುದು ಸರಿಯೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಭಾಷಾಸಕ್ತ

ಮಾನ್ಯರೇ, ಮೊದಲು ಭಾಷೆಗಳ ಮಾತನ್ನು ಮುಗಿಸೋಣ. ಜನರ ಮೂಲದ ಪ್ರಶ್ನೆ ಅದಕ್ಕಿಂತ ಕಷ್ಟದ್ದು. ಅದನ್ನು ಇಲ್ಲಿರುವ ಇತಿಹಾಸದ ಅಧ್ಯಾಪಕರು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ನೈಲ್ ನದಿಯ ಮೇಲ್ಭಾಗದಿಂದ ಟಾಂಜಾನಿಯಾದವರೆಗೆ ಹಬ್ಬಿರುವ ಭಾಷೆಗಳ ಒಂದು ದೊಡ್ಡ ಗುಂಪನ್ನು ನೈಲೋಟಿಕ್ ಎಂದು ಕರೆಯುತ್ತಾರೆ. ಅದರಲ್ಲಿ ಮೂರು ಕವಲುಗಳಿವೆ. ಮಸಾಯಿ, ತೆಸೊ, ಕರಮೊಜೊಂಗ್, ಬಾರಿ ಮುಂತಾದವು ಪೂರ್ವದ ಕವಲು; ಕೀನ್ಯಾದ ಕಲೆಂಜಿನ್ ಭಾಷೆಗಳು ದಕ್ಷಿಣದ ಕವಲು; ಡಿಂಕಾ, ನುವೆರ್ ಮತ್ತು ಲುವೊ ಭಾಷೆಗಳು ಪಶ್ಚಿಮದ ಕವಲು. ಆದ್ದರಿಂದ ಕೀನ್ಯಾದ ಲುವೊ ಭಾಷೆಗೆ ಪಕ್ಕದ ಮನೆಯ ಲುಹ್ಯಾ, ಗುಸೀ ಭಾಷೆಗಳಿಗಿಂತ ಸಾವಿರ ಕಿಲೋಮೀಟರಿನಷ್ಟು ದೂರದ ಶಿಲ್ಲುಕ್ ಹತ್ತಿರದ ನೆಂಟ. ಲುಹ್ಯಾ ಮತ್ತು ಗುಸೀ ಬಾಂಟು ಭಾಷೆಗಳಾಗಿದ್ದು, ಅವುಗಳ ಬಳಗವೇ ಬೇರೆ. ಲುವೊ, ಲುಹ್ಯಾ ಎಂಬ ಹೆಸರುಗಳ ಧ್ವನಿ ಹೋಲುವುದರಿಂದ ಪತ್ರಿಕೆಗಳಲ್ಲಿ ಇವೆರಡೂ ಬೆರೆತುಹೋಗುವುದುಂಟು. ಆ ಬಗ್ಗೆ ಎಚ್ಚರವಿರಲಿ.

ಲುವೊ ಬಳಗವನ್ನು ಸಾಮಾನ್ಯವಾಗಿ ಉತ್ತರ ಮತ್ತು ದಕ್ಷಿಣ ಎಂದು ವಿಂಗಡಿಸುತ್ತಾರೆ. ಉತ್ತರದಲ್ಲಿ ಶಿಲ್ಲುಕ್, ಅನುವಾಕ್, ಜುಬಾದ ಪೂರ್ವಕ್ಕೆ ಲಾಫೋನ್ ಬೆಟ್ಟದ ಬುಡದಲ್ಲಿರುವ ಪಾರಿ, ವಾವ್ ಮತ್ತು ಅವೈಲ್ ಕಡೆಯ ಲುವೊ, ಥುರಿ, ಬೆಲಾಂಡಾ ಬೋರ್ ಮುಂತಾದವು ಬರುತ್ತವೆ. ವಾವ್ ಕಡೆಯ ಲುವೊ ಜನರನ್ನು ನೆರೆಯ ಡಿಂಕಾದವರು ಜುರ್, ಅಂದರೆ ಪರಕೀಯರು, ಎಂದು ಕರೆದದ್ದರಿಂದ ಹಳೆಯ ಬರಹಗಳಲ್ಲಿ ಅವರು ಜುರ್ ಎಂಬ ಹೆಸರಿನಲ್ಲೇ ಕಾಣಿಸುತ್ತಾರೆ. ದಕ್ಷಿಣದಲ್ಲಿ ಅಚೋಲಿ, ಲಾಂಗೊ, ಅಲುರ್, ಕುಮಾಮ್, ಪಧೋಲಾ, ಮತ್ತು ಕೀನ್ಯಾ ಹಾಗೂ ಟಾಂಜಾನಿಯಾದ ಧೊಲುವೊ. ಧೊ ಎಂದರೆ ಬಾಯಿ ಅಥವಾ ನುಡಿ. ಧೊಲುವೊ ಎಂದರೆ ಲುವೊ ಜನರ ನುಡಿ. ಉತ್ತರ, ದಕ್ಷಿಣ ಎಂಬ ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ ಈ ಭಾಷೆಗಳೆಲ್ಲ ಒಂದೇ ಮೂಲನುಡಿಯಿಂದ ಬಂದವೆಂಬುದರಲ್ಲಿ ಸಂದೇಹವಿಲ್ಲ.

ಇವು ಒಂದೇ ಭಾಷೆಯ ಉಪಭಾಷೆಗಳು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಚೋಲಿ ಮತ್ತು ಲಾಂಗೊ ಒಂದಕ್ಕೊಂದು ಬಹಳ ಹತ್ತಿರ. ಮಾತನಾಡುವವರಿಗೆ ಪರಸ್ಪರ ಅರ್ಥವಾಗುತ್ತದೆ. ಅಲುರ್ ಅವುಗಳಿಂದ ಸ್ವಲ್ಪ ದೂರ. ಉಗಾಂಡಾದ ತೊರೊರೊ ಕಡೆಯ ಪಧೋಲಾ ನುಡಿಯು ಕೀನ್ಯಾದ ಧೊಲುವೊಗೆ ಹತ್ತಿರ. ಶಿಲ್ಲುಕ್ ಮಾತ್ರ ಬಹಳ ಬೇರೆಯಾಗಿ ಬೆಳೆದಿದೆ. ಕಿಸುಮುವಿನ ಒಬ್ಬರು ಶಿಲ್ಲುಕ್ ಸೀಮೆಯ ಕೊಡೊಕ್‌ಗೆ ಹೋಗಿ ಕಿವಿಗೊಟ್ಟರೆ ನೀರು, ಕಣ್ಣು, ಸೂರ್ಯ, ಆಡು ಮುಂತಾದ ಬಿಡಿ ಪದಗಳ ಗುರುತು ಹತ್ತೀತು, ಆದರೆ ವಾಕ್ಯ ಕೈಗೆ ಸಿಗಲಾರದು. ಕನ್ನಡಿಗರಿಗೆ ಕುಂದಾಪುರದ ಕನ್ನಡ, ತಮಿಳು, ತೆಲುಗುಗಳಲ್ಲಿ ಒಂದೊಂದೂ ಬೇರೆ ಬೇರೆ ದೂರದಲ್ಲಿ ನಿಂತಂತೆಯೇ ಅವರಿಗೂ ಈ ನುಡಿಗಳ ಅಂತರ ಒಂದೇ ಸಮನಾಗಿಲ್ಲ.

ಉತ್ತರ: ಕಿಸುಮುವಿನಿಂದ

ನಾನು ಉದ್ಯೋಗನಿಮಿತ್ತ ಕಿಸುಮುವಿನಲ್ಲಿ ನೆಲೆಸಿದ್ದೇನೆ. ಆಗಾಗ್ಗೆ ಗಡಿ ದಾಟಿ ಉಗಾಂಡಾದ ತೊರೊರೊ, ಲೀರಾ, ಗುಲು ಊರುಗಳಿಗೂ ಹೋಗಬೇಕಾಗುತ್ತದೆ. ಪ್ರಶ್ನೆ ಕೇಳಿದವರು ಕಿಸುಮು ಮತ್ತು ಗುಲುಗಳ ಹೆಸರನ್ನೇ ಎತ್ತಿರುವುದರಿಂದ ಕಿವಿಯಾರೆ ಕೇಳಿದ್ದನ್ನು ಬರೆಯುತ್ತಿದ್ದೇನೆ.

ಒಂದರಿಂದ ಐದರವರೆಗೆ ಎಣಿಸುವಾಗ ಎರಡೂ ಊರುಗಳ ಮಾತು ಒಂದೇ ಎನ್ನಿಸುತ್ತದೆ. ಧೊಲುವೊದಲ್ಲಿ ಅಚಿಯೆಲ್, ಅರಿಯೊ, ಅದೆಕ್, ಅಙ್ವೆನ್, ಅಬಿಚ್. ಅಚೋಲಿಯಲ್ಲಿ ಅಚೆಲ್, ಅರ್ಯೊ, ಅದೆಕ್, ಅಙ್ವೆನ್, ಅಬಿಚ್. ಆರರಿಂದ ಮುಂದಕ್ಕೆ ಎರಡೂ ಭಾಷೆಗಳು ಐದಕ್ಕೆ ಒಂದು, ಐದಕ್ಕೆ ಎರಡು ಎಂದು ಕೂಡಿಸಿ ಹೇಳತೊಡಗುತ್ತವೆಯಾದರೂ ಕೂಡಿಸುವ ಬಗೆ ಬೇರೆಯಾಗುತ್ತದೆ. ಒಂಬತ್ತಕ್ಕೆ ಬರುವಷ್ಟರಲ್ಲಿ ಕಿಸುಮುವಿನವರು ಒಚಿಕೊ ಎಂದರೆ ಗುಲುವಿನವರು ಅಬುಙ್ವೆನ್ ಎನ್ನುತ್ತಾರೆ. ಹತ್ತಕ್ಕೆ ಮತ್ತೆ ಇಬ್ಬರೂ ಅಪಾರ್ ಎಂದು ಒಂದಾಗುತ್ತಾರೆ. ದಿನಬಳಕೆಯ ಮಾತಿನಲ್ಲೂ ಹೀಗೆಯೇ. ನೀರಿಗೆ ಇಲ್ಲಿ ಪಿ, ಅಲ್ಲಿ ಪೀ. ಆಡಿಗೆ ಇಲ್ಲಿ ದಿಯೆಲ್, ಅಲ್ಲಿ ದ್ಯೆಲ್. ಹಿಟ್ಟಿನ ಮುದ್ದೆಗೆ ಇಲ್ಲಿ ಕುವೊನ್, ಅಲ್ಲಿ ಕ್ವೊನ್. ಆದರೆ ಕೃತಜ್ಞತೆ ಹೇಳುವಾಗ ಇಲ್ಲಿಯ ಎರೊಕಮಾನೊ ಗುಲುವಿನಲ್ಲಿ ನಡೆಯುವುದಿಲ್ಲ. ಅಲ್ಲಿ ಅಪ್ವೊಯೊ ಎನ್ನಬೇಕು. ಕಿಸುಮುವಿನ ನನ್ನ ಸಹೋದ್ಯೋಗಿಗಳು ಗುಲುವಿನ ಸಂತೆಯಲ್ಲಿ ಬೆಲೆ ಕೇಳಿ ಸರಕು ಕೊಳ್ಳುವಷ್ಟು ಮಾತನ್ನು ನಿಭಾಯಿಸುತ್ತಾರೆ, ಆದರೆ ಇಬ್ಬರು ಅಚೋಲಿ ಹಿರಿಯರು ತಮ್ಮತಮ್ಮಲ್ಲೇ ವೇಗವಾಗಿ ಮಾತನಾಡತೊಡಗಿದರೆ ಎಳೆ ತಪ್ಪಿಬಿಡುತ್ತದೆ. ತೊರೊರೊದಲ್ಲಿ ಪಧೋಲಾ ಆಡುವವರೊಡನೆ ಮಾತ್ರ ಅವರು ಹೆಚ್ಚು ಕಷ್ಟವಿಲ್ಲದೆ ಹರಟೆ ಹೊಡೆಯುವುದನ್ನು ನೋಡಿದ್ದೇನೆ.

ಈ ನಂಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ಹೆಸರುಗಳಲ್ಲಿ. ಲುವೊ ಜನರಲ್ಲಿ ಮಗು ಹುಟ್ಟಿದ ಹೊತ್ತು ಮತ್ತು ಸಂದರ್ಭವೇ ಹೆಸರಾಗುತ್ತದೆ. ಗಂಡಾದರೆ ಒ, ಹೆಣ್ಣಾದರೆ ಅ ಮುಂದೆ ಸೇರುತ್ತದೆ. ಇರುಳಿನಲ್ಲಿ ಹುಟ್ಟಿದವರು ಒಟಿಯೆನೊ ಅಥವಾ ಅಟಿಯೆನೊ, ಬಿಸಿಲೇರಿದಾಗ ಹುಟ್ಟಿದವರು ಒಚಿಯೆಙ್ ಅಥವಾ ಅಚಿಯೆಙ್, ಬೆಳಗಿನಲ್ಲಿ ಹುಟ್ಟಿದ ಹೆಣ್ಣುಮಗು ಅಕಿನ್ಯಿ. ಅವಳಿಗಳಲ್ಲಿ ಮೊದಲು ಬಂದ ಗಂಡುಮಗು ಒಪಿಯೊ. ಅವಳಿಗಳಾದ ಮೇಲೆ ಹುಟ್ಟಿದವನು ಒಕೆಲ್ಲೊ, ಹುಟ್ಟಿದವಳು ಅಕೆಲ್ಲೊ. ಒಪಿಯೊ, ಒಕೆಲ್ಲೊ ಎಂಬ ಹೆಸರುಗಳು ಗುಲುವಿನಲ್ಲೂ ಇದೇ ಅರ್ಥದಲ್ಲಿ ಬಳಕೆಯಲ್ಲಿವೆ. ಮಳೆ ಬರುವಾಗ ಹುಟ್ಟಿದವನು ಕೀನ್ಯಾದಲ್ಲಿ ಒಕೊಥ್, ಅಚೋಲಿಯಲ್ಲಿ ಒಕೊಟ್. ಗುಲುವಿನಲ್ಲಿ ಹುಟ್ಟಿದ ಪ್ರಸಿದ್ಧ ಕವಿ ಒಕೊಟ್ ಪ್'ಬಿಟೆಕ್ ಅವರ ಹೆಸರು ಇದೇ. ಬರಾಕ್ ಒಬಾಮ ಅವರ ತಂದೆಯ ಕಡೆಯವರು ಸಿಯಾಯಾ ಜಿಲ್ಲೆಯ ಕೊಗೆಲೊದವರು. ಆ ಕಾರಣಕ್ಕೆ ಒಕಾರದಿಂದ ಆರಂಭವಾಗುವ ಇಂಥ ಒಂದು ಹೆಸರಾದರೂ ನಮ್ಮ ಊರುಗಳಲ್ಲಿ ಎಲ್ಲರಿಗೂ ಪರಿಚಿತ.

2019ರ ಜನಗಣತಿಯಲ್ಲಿ ಕೀನ್ಯಾದ ಲುವೊ ಜನರ ಸಂಖ್ಯೆ 50 ಲಕ್ಷಕ್ಕಿಂತ ಸ್ವಲ್ಪ ಹೆಚ್ಚಿದ್ದು, ಕಿಕುಯು, ಲುಹ್ಯಾ, ಕಲೆಂಜಿನ್ ಜನರ ನಂತರ ಅವರು ನಾಲ್ಕನೆಯ ಸ್ಥಾನದಲ್ಲಿದ್ದರು. ಕಿಸುಮು, ಸಿಯಾಯಾ, ಹೋಮಾ ಬೇ, ಮಿಗೊರಿ ಅವರ ಮುಖ್ಯ ನೆಲೆಗಳು. ಗಡಿಯಾಚೆ ಟಾಂಜಾನಿಯಾದ ಮಾರಾ ಪ್ರಾಂತ್ಯದಲ್ಲೂ ಇದ್ದಾರೆ. ವಿಕ್ಟೋರಿಯಾ ಸರೋವರವನ್ನು ಅವರು ನಾಮ್ ಲೊಲ್ವೆ ಎನ್ನುತ್ತಾರೆ. ಕಿಸುಮುವಿಗೆ 1901ರಲ್ಲಿ ರೈಲು ಬಂದಾಗ ಹಳಿ ಹಾಕಿದವರಲ್ಲಿ ಬಹಳ ಮಂದಿ ಭಾರತದಿಂದ ಹೋದ ಕೂಲಿಗಳು, ಹೆಚ್ಚಿನವರು ಪಂಜಾಬಿನ ಕಡೆಯವರು. ಇಲ್ಲಿನ ಹಳೆಯ ಪೇಟೆಬೀದಿಗಳಲ್ಲಿ ಇಂದಿಗೂ ಭಾರತೀಯ ಮನೆತನಗಳ ಅಂಗಡಿಗಳಿದ್ದು, ಅವರಲ್ಲಿ ಹಲವರು ಧೊಲುವೊವನ್ನು ನಿರರ್ಗಳವಾಗಿ ಆಡುತ್ತಾರೆ.

ಉತ್ತರ: ಹಳೆಯ ನಕ್ಷೆ

ಆಫ್ರಿಕಾದ ಇತಿಹಾಸವನ್ನು ಬಹುಕಾಲ ಪಾಠ ಮಾಡಿದವನಾಗಿ ಮೂಲದ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಈ ಚರ್ಚೆಯ ತಿರುಳು ಇರುವುದು ಅಲ್ಲಿಯೇ ಎಂದು ನನ್ನ ಭಾವನೆ. ನೇರವಾಗಿ ಹೇಳುವುದಾದರೆ, ಲುವೊ ಭಾಷೆಗಳು ಒಂದೇ ಮೂಲದವು, ಲುವೊ ಭಾಷೆಗಳನ್ನಾಡುವ ಜನರು ಒಂದೇ ಮೂಲದವರಲ್ಲ. ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳದಿದ್ದರೆ ಇತಿಹಾಸವೇ ತಲೆಕೆಳಗಾಗುತ್ತದೆ.

ಸಾಂಪ್ರದಾಯಿಕ ಕಥನ ಹೀಗಿದೆ. ಇಂದಿನ ದಕ್ಷಿಣ ಸುಡಾನಿನ ಬಹರ್ ಅಲ್ ಗಜಾಲ್ ಸೀಮೆಯಿಂದ ಸುಮಾರು 15ನೆಯ ಶತಮಾನದ ಹೊತ್ತಿಗೆ ಲುವೊ ಗುಂಪುಗಳು ಹೊರಟವು. ನ್ಯಿಕಾಂಙ್ ಎಂಬ ನಾಯಕನು ತನ್ನ ಒಡಹುಟ್ಟಿದವರೊಡನೆ ಜಗಳವಾಡಿ ಉತ್ತರಕ್ಕೆ ಹೋಗಿ ಬಿಳಿ ನೈಲಿನ ದಂಡೆಯಲ್ಲಿ ಶಿಲ್ಲುಕ್ ಅರಸೊತ್ತಿಗೆಯನ್ನು ಕಟ್ಟಿದನು. ಉಳಿದವರು ತೆಂಕಣಕ್ಕೆ ನಡೆದು, ನೈಲ್ ನದಿಯು ಆಲ್ಬರ್ಟ್ ಸರೋವರದಿಂದ ಹೊರಬೀಳುವ ಪಾಕ್ವಾಚ್ ಸೀಮೆಯಲ್ಲಿ ಪುಬುಂಗು ಎಂಬಲ್ಲಿ ಬೀಡುಬಿಟ್ಟರು. ಅಲ್ಲಿಂದ ಮುಂದೆ ಒಂದೊಂದು ಗುಂಪು ಒಂದೊಂದು ದಿಕ್ಕು ಹಿಡಿಯಿತು. ಸುಮಾರು 16ನೆಯ ಶತಮಾನದ ಹೊತ್ತಿಗೆ ಮೊದಲ ಗುಂಪು ಕೀನ್ಯಾದ ರಮೊಗಿ ಬೆಟ್ಟವನ್ನು ಮುಟ್ಟಿತು. ಸರೋವರದ ಸುತ್ತಲಿನ ಲುವೊ ಮನೆತನಗಳು ಇಂದಿಗೂ ಆ ಬೆಟ್ಟವನ್ನು ತಮ್ಮ ಮೊದಲ ನೆಲೆಯೆಂದು ಗೌರವಿಸುತ್ತವೆ. ಇತಾಲಿಯನ್ ಮಿಷನರಿ ಕ್ರಾತ್ಸೊಲಾರಾ ಮತ್ತು ಕೀನ್ಯಾದ ಇತಿಹಾಸಕಾರ ಬೆಥ್ವೆಲ್ ಒಗೊಟ್ ಈ ವಲಸೆಯ ಕಥನಗಳನ್ನು ಹಿರಿಯರ ಬಾಯಿಂದ ಕೇಳಿ ಸಂಗ್ರಹಿಸಿದರು. ಬರಹದ ದಾಖಲೆ ಇಲ್ಲದ ಜನರಿಗೆ ಇತಿಹಾಸವೇ ಇಲ್ಲವೆಂದು ವಿಶ್ವವಿದ್ಯಾಲಯಗಳು ತಿಳಿದಿದ್ದ ಕಾಲದಲ್ಲಿ ಒಗೊಟ್ ಅವರು ಬಾಯಿಂದ ಬಾಯಿಗೆ ಬಂದ ಕಥನಗಳನ್ನು ಆಧಾರವಾಗಿಟ್ಟುಕೊಂಡು ತಮ್ಮ ಜನರ ಚರಿತ್ರೆಯನ್ನು ಬರೆದದ್ದು ಬಹು ದೊಡ್ಡ ಕೆಲಸ.

ಪಾಕ್ವಾಚ್‌ನಲ್ಲಿ ಗುಂಪು ಒಡೆದದ್ದಕ್ಕೆ ಒಂದು ಕಥೆಯಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಗಿಪಿರ್, ಲಬೊಂಗೊ ಎಂಬ ಇಬ್ಬರು ಅಣ್ಣತಮ್ಮಂದಿರು. ಒಮ್ಮೆ ಆನೆ ಹೊಲಕ್ಕೆ ನುಗ್ಗಿದಾಗ ಗಿಪಿರ್ ಅವಸರದಲ್ಲಿ ಲಬೊಂಗೊನ ಈಟಿಯನ್ನು ತೆಗೆದುಕೊಂಡು ಎಸೆದನು. ಆನೆ ಮೈಗೆ ನಾಟಿದ ಈಟಿಯೊಂದಿಗೇ ಕಾಡಿಗೆ ಓಡಿತು. ಬೇರೆ ಈಟಿ ಕೊಡುತ್ತೇನೆಂದರೂ ಲಬೊಂಗೊ ಒಪ್ಪದೆ ತನ್ನದೇ ಈಟಿ ಬೇಕೆಂದು ಹಟ ಹಿಡಿದನು. ಗಿಪಿರ್ ಆನೆಗಳ ನಾಡಿಗೆ ಹೋಗಿ ಬಹಳ ಕಷ್ಟಪಟ್ಟು ಆ ಈಟಿಯನ್ನು ಮರಳಿ ತಂದನು. ಅಲ್ಲಿ ಒಬ್ಬ ಮುದುಕಿ ಕೊಟ್ಟ ಸುಂದರವಾದ ಮಣಿಗಳನ್ನೂ ತಂದನು. ಮುಂದೊಂದು ದಿನ ಲಬೊಂಗೊನ ಮಗು ಆ ಮಣಿಗಳಲ್ಲೊಂದನ್ನು ನುಂಗಿಬಿಟ್ಟಿತು. ಈಗ ಗಿಪಿರ್ ತನ್ನ ಅದೇ ಮಣಿ ಬೇಕೆಂದನು, ಮಗುವಿನ ಹೊಟ್ಟೆಯನ್ನು ಸೀಳಲಾಯಿತು. ಅಣ್ಣತಮ್ಮಂದಿರು ನದಿಯಲ್ಲಿ ಕೊಡಲಿಯನ್ನು ಹೂತು, ಇನ್ನೆಂದೂ ಒಂದುಗೂಡುವುದಿಲ್ಲವೆಂದು ಆಣೆಯಿಟ್ಟು ಬೇರೆಯಾದರು. ನದಿಯ ಪಶ್ಚಿಮಕ್ಕೆ ಹೋದವರು ಅಲುರ್ ಆದರು, ಪೂರ್ವದಲ್ಲಿ ಉಳಿದವರು ಅಚೋಲಿ ಆದರು ಎಂದು ಹೇಳುತ್ತಾರೆ. ಈಟಿ ಕಳೆದವನು ಯಾರು, ಮಣಿ ಕೇಳಿದವನು ಯಾರು ಎಂಬುದು ಹೇಳುವವರನ್ನು ನೋಡಿ ಬದಲಾಗುತ್ತದೆ. ಕೀನ್ಯಾದಲ್ಲಿ ಇದೇ ಕಥೆಯನ್ನು ಪೊಧೊ ಮತ್ತು ಅರುವಾ ಎಂಬ ಅಣ್ಣತಮ್ಮಂದಿರ ಹೆಸರಿನಲ್ಲಿ ಹೇಳುತ್ತಾರೆ.

ಕಥನ ಇಷ್ಟು ಸ್ಪಷ್ಟವಾಗಿರುವುದರಿಂದಲೇ ಎಲ್ಲರೂ ಒಂದೇ ಬೇರಿನ ಕವಲುಗಳೆಂದು ನಂಬುವುದು ಸುಲಭವಾಗುತ್ತದೆ. ಆದರೆ ಲಾಂಗೊ ಜನರನ್ನು ನೋಡಿ. 2014ರ ಉಗಾಂಡಾ ಜನಗಣತಿಯಲ್ಲಿ ಅವರು ಸುಮಾರು 21 ಲಕ್ಷವಿದ್ದು, ಅಚೋಲಿಗಳಿಗಿಂತಲೂ ಹೆಚ್ಚಿನ ಸಂಖ್ಯೆಯಲ್ಲಿದ್ದರು. ಇಂದು ಅವರ ಮಾತು ಅಚ್ಚ ಲುವೊ. ಆದರೆ ಅವರ ಪೂರ್ವಜರಲ್ಲಿ ಬಹುಪಾಲು ಜನ ಕರಮೊಜೊಂಗ್, ತೆಸೊಗಳ ಬಳಗಕ್ಕೆ ಸೇರಿದ, ಪೂರ್ವ ನೈಲೋಟಿಕ್ ನುಡಿಯನ್ನಾಡುತ್ತಿದ್ದ ಅತೆಕೆರ್ ಗುಂಪುಗಳವರು. ಪಶ್ಚಿಮಕ್ಕೆ ಸರಿಯುತ್ತ ಲುವೊ ಜನರ ನಡುವೆ ನೆಲೆಸಿ, ತಲೆಮಾರುಗಳು ಕಳೆದಂತೆ ಅವರ ನುಡಿಯನ್ನೇ ತಮ್ಮದಾಗಿಸಿಕೊಂಡರು. ತಮ್ಮನ್ನು ಲುವೊ ಎಂದು ಕರೆಯುವುದನ್ನು ಇಂದಿಗೂ ಒಪ್ಪದ ಲಾಂಗೊ ಹಿರಿಯರಿದ್ದಾರೆ. ಅವರ ಆಕ್ಷೇಪಣೆಯಲ್ಲಿ ಹುರುಳಿದೆ. ಕುಮಾಮ್ ಜನರ ಕಥೆಯೂ ಹೆಚ್ಚುಕಡಿಮೆ ಇದೇ.

ಅಚೋಲಿಗಳೂ ಒಂದೇ ಎರಕದವರಲ್ಲ. 17ನೆಯ ಶತಮಾನದ ಕೊನೆಯ ಭಾಗದಿಂದ ಆ ಸೀಮೆಯಲ್ಲಿ ರ್ವೊತ್ ಎಂಬ ಒಡೆಯರ ಸಣ್ಣ ಸಣ್ಣ ಸಂಸ್ಥಾನಗಳು ತಲೆಯೆತ್ತಿದವು. ಒಡೆಯನ ಮನೆತನ ಮತ್ತು ಆಳ್ವಿಕೆಯ ಪದ್ಧತಿ ಲುವೊ ಆಗಿದ್ದರೆ, ಅವನ ಆಶ್ರಯಕ್ಕೆ ಬಂದು ಕಾಣಿಕೆ ಸಲ್ಲಿಸಿದ ಕುಲಗಳಲ್ಲಿ ಮಧ್ಯ ಸುಡಾನಿಕ್ ಎಂಬ ಬೇರೆ ಬಳಗದ ನುಡಿಯವರೂ ಪೂರ್ವ ನೈಲೋಟಿಕ್ ನುಡಿಯವರೂ ಇದ್ದರು. ಬರಗಾಲದಲ್ಲಿ ಇಂಥ ಸಂಸ್ಥಾನದ ಆಶ್ರಯ ಬಹಳ ದೊಡ್ಡದು. ಒಡೆಯನ ನುಡಿಯೇ ಕ್ರಮೇಣ ಎಲ್ಲರ ನುಡಿಯಾಯಿತು. ಅಲುರ್ ಒಡೆಯರು ಇದೇ ರೀತಿಯಲ್ಲಿ ಲೆಂಡು, ಒಕೆಬೊ ಮುಂತಾದವರನ್ನು ತಮ್ಮ ಅಂಕೆಗೆ ತಂದುಕೊಂಡರು. ಇವರ ನಾಡಿನ ಒಂದು ಭಾಗ ಇಂದು ಕಾಂಗೋದ ಇತೂರಿ ಪ್ರಾಂತ್ಯದಲ್ಲಿದೆ.

ಕೀನ್ಯಾದಲ್ಲಿ ಸುಬಾ ಜನರ ಉದಾಹರಣೆ ಇದೆ. ರುಸಿಂಗಾ ಮತ್ತು ಮ್ಫಂಗಾನೊ ದ್ವೀಪಗಳಲ್ಲೂ ಎದುರಿನ ದಂಡೆಯಲ್ಲೂ ನೆಲೆಸಿರುವ ಇವರು ಬಾಂಟು ಮೂಲದವರು. ಲುವೊ ನೆರೆಹೊರೆಯವರೊಡನೆ ಮದುವೆ, ವ್ಯಾಪಾರ, ಶಾಲೆ, ಚರ್ಚುಗಳ ಮೂಲಕ ಬೆರೆತು ಧೊಲುವೊವನ್ನೇ ಆಡತೊಡಗಿದರು. ಅವರ ಹಳೆಯ ನುಡಿ ಇಂದು ಅಳಿವಿನಂಚಿನಲ್ಲಿದೆ. 1969ರ ಜುಲೈ 5ರಂದು ನೈರೋಬಿಯಲ್ಲಿ ಗುಂಡಿಗೆ ಬಲಿಯಾದ ಟಾಮ್ ಎಂಬೊಯಾ ಅವರನ್ನು ದೇಶವೆಲ್ಲ ಲುವೊ ನಾಯಕನೆಂದೇ ಬಲ್ಲದು. ಅವರ ಮನೆತನ ರುಸಿಂಗಾದ ಸುಬಾ ಮೂಲದ್ದು.

ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಇದೆ. ಉಗಾಂಡಾದ ಬುನ್ಯೊರೊ ರಾಜ್ಯವನ್ನು ಆಳಿದ ಬಿಟೊ ಅರಸುಮನೆತನ ಲುವೊ ಮೂಲದ್ದೆಂದು ಅಲ್ಲಿಯ ಕಥನಗಳೇ ಹೇಳುತ್ತವೆ. ಆದರೆ ಅಲ್ಲಿ ಅರಸರೇ ಪ್ರಜೆಗಳ ಬಾಂಟು ನುಡಿಯನ್ನು ಒಪ್ಪಿಕೊಂಡರು. ಗೆದ್ದವರ ನುಡಿಯೇ ಯಾವಾಗಲೂ ಗೆಲ್ಲುತ್ತದೆಂಬ ನಿಯಮವಿಲ್ಲ. ಬಂದವರ ಸಂಖ್ಯೆ ಎಷ್ಟಿತ್ತು, ಹೆಂಡಿರು ಯಾವ ಮನೆಗಳಿಂದ ಬಂದರು, ಮಕ್ಕಳನ್ನು ಸಾಕಿದವರು ಯಾವ ಮಾತು ಆಡುತ್ತಿದ್ದರು ಎಂಬುದೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತದೆ. ಆದ್ದರಿಂದ ನಕ್ಷೆಯಲ್ಲಿ ತಾವು ಕಂಡ ತುಂಡುಗಳಲ್ಲಿ ಕೆಲವು ವಲಸೆಯಿಂದ ಆದವು, ಕೆಲವು ಹಳೆಯ ನಿವಾಸಿಗಳು ನುಡಿ ಬದಲಿಸಿದ್ದರಿಂದ ಆದವು. ಮಿಗೊರಿಯ ಥಿಮ್ಲಿಚ್ ಒಹಿಂಗಾ ಎಂಬ ಕಲ್ಲುಗೋಡೆಗಳ ಹಳೆಯ ಕೋಟೆನೆಲೆ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಗಾರೆಯಿಲ್ಲದೆ ಕಟ್ಟಿದ ಆ ಗೋಡೆಗಳೊಳಗೆ ಬಾಂಟು ನುಡಿಯವರೂ ಲುವೊ ನುಡಿಯವರೂ ಬೇರೆ ಬೇರೆ ಕಾಲದಲ್ಲಿ ಬಾಳಿದರೆಂದು ತಜ್ಞರು ತಿಳಿಯುತ್ತಾರೆ.

ಮರುಪ್ರಶ್ನೆ: ಸಹ್ಯಾದ್ರಿ ಓದುಗ

ಮೂವರಿಗೂ ಮನಃಪೂರ್ವಕ ವಂದನೆಗಳು. ಲಾಂಗೊ ಮತ್ತು ಸುಬಾ ಜನರ ವಿಷಯ ನನಗೆ ಸಂಪೂರ್ಣ ಹೊಸದು. ಭಾಷಾಸಕ್ತರಲ್ಲಿ ಇನ್ನೊಂದು ವಿನಂತಿ. ಕನ್ನಡದಂತೆ ಪದಗಳ ಕೊನೆಗೆ ಪ್ರತ್ಯಯಗಳನ್ನು ಸೇರಿಸುವ ಭಾಷೆಯನ್ನಾಡುವ ನಮಗೆ ಈ ಭಾಷೆಗಳ ವ್ಯಾಕರಣದಲ್ಲಿ ಹೊಸತೆನಿಸುವುದು ಏನು? ಶಿಲ್ಲುಕ್ ಬಹಳ ಬೇರೆಯಾಗಿ ಬೆಳೆದಿದೆ ಎಂದಿರಲ್ಲ, ಅದು ಯಾವ ರೀತಿಯಲ್ಲಿ?

ಉತ್ತರ: ಭಾಷಾಸಕ್ತ

ಧೊಲುವೊದಲ್ಲಿ ಬಹುವಚನ ಮಾಡುವಾಗ ಪದದ ಕೊನೆಯ ವ್ಯಂಜನ ತನ್ನ ಸ್ವಭಾವವನ್ನೇ ಅದಲುಬದಲು ಮಾಡಿಕೊಳ್ಳುತ್ತದೆ. ನನಗೆ ಬಹಳ ಇಷ್ಟವಾದ ಸಂಗತಿ ಇದು. ಬೆಟ್ಟಕ್ಕೆ ಗೊಟ್ ಎನ್ನುತ್ತಾರೆ, ಬೆಟ್ಟಗಳಿಗೆ ಗೊಡೆ. ಇಲ್ಲಿ ಅಘೋಷವಾದ ಟ ಘೋಷವಾದ ಡ ಆಯಿತು. ಕಲ್ಲಿಗೆ ಕಿಡಿ, ಕಲ್ಲುಗಳಿಗೆ ಕಿಟೆ. ಮೂಳೆಗೆ ಚೊಗೊ, ಮೂಳೆಗಳಿಗೆ ಚೊಕೆ. ಇಲ್ಲಿ ಘೋಷವಾದದ್ದು ಅಘೋಷವಾಯಿತು. ಸ್ವಾಹಿಲಿಯಿಂದ ಬಂದ ಕಿತಾಬು ಎಂಬ ಪದವನ್ನೂ ಬಿಡದೆ ಕಿತೆಪೆ ಎಂದು ಮಾಡಿಕೊಂಡಿದ್ದಾರೆ. ಎರವಲು ಪದವೂ ಈ ನಿಯಮಕ್ಕೆ ಒಳಪಟ್ಟಿತೆಂದರೆ ಅದು ಎಷ್ಟು ಜೀವಂತವಾಗಿದೆಯೆಂದು ತಿಳಿಯುತ್ತದೆ. ಏಕವಚನದಲ್ಲಿ ಇರುವುದಕ್ಕೆ ವಿರುದ್ಧವಾದದ್ದನ್ನು ಬಹುವಚನಕ್ಕೆ ತೆಗೆದುಕೊಳ್ಳುವ ಈ ಬಗೆ ಜಗತ್ತಿನಲ್ಲಿ ಅಪರೂಪ. ಹಾಗಾಗಿ ಧ್ವನಿಶಾಸ್ತ್ರದ ಸೈದ್ಧಾಂತಿಕ ಚರ್ಚೆಗಳಲ್ಲಿ ಧೊಲುವೊ ಮತ್ತೆ ಮತ್ತೆ ಬರುತ್ತದೆ.

ಎರಡನೆಯದು ಸ್ವರಗಳು. ಬರವಣಿಗೆಯಲ್ಲಿ ಐದೇ ಸ್ವರಾಕ್ಷರಗಳಿದ್ದರೂ ಉಚ್ಚಾರದಲ್ಲಿ ಒಂಬತ್ತಿವೆ. ನಾಲಿಗೆಯ ಬುಡವನ್ನು ಮುಂದಕ್ಕೆ ಚಾಚಿ ಉಚ್ಚರಿಸುವ ಒಂದು ಗುಂಪು, ಹಾಗೆ ಚಾಚದೆ ಉಚ್ಚರಿಸುವ ಇನ್ನೊಂದು ಗುಂಪು. ಒಂದು ಪದದೊಳಗೆ ಸಾಮಾನ್ಯವಾಗಿ ಒಂದೇ ಗುಂಪಿನ ಸ್ವರಗಳು ಬರಬೇಕು. ಇದರ ಜೊತೆಗೆ ಏರುದನಿ, ಇಳಿದನಿಗಳಿವೆ. ಕೆಲಸ ಮುಗಿದಿದೆಯೋ ನಡೆಯುತ್ತಿದೆಯೋ ಎಂಬುದನ್ನು ಕ್ರಿಯಾಪದದ ದನಿಯ ಏರಿಳಿತವೇ ತಿಳಿಸುತ್ತದೆ, ಆದರೆ ರೂಢಿಯ ಬರಹದಲ್ಲಿ ಅದನ್ನು ಗುರುತಿಸುವುದಿಲ್ಲ. ಓದುವವರು ಸಂದರ್ಭದಿಂದ ತಿಳಿದುಕೊಳ್ಳಬೇಕು. ತಾಯ್ನುಡಿಯವರಿಗೆ ಇದು ತೊಡಕಲ್ಲ. ಹೊರಗಿನಿಂದ ಕಲಿಯುವವರಿಗೆ ಮಾತ್ರ ಪುಸ್ತಕದಿಂದಷ್ಟೇ ಕಲಿಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಧೊಲುವೊದಲ್ಲಿ ಹಲ್ಲಿಗೆ ನಾಲಿಗೆ ತಾಗಿಸುವ ದಂತ್ಯ ವ್ಯಂಜನಗಳೂ ವಸಡಿಗೆ ತಾಗಿಸುವ ವ್ಯಂಜನಗಳೂ ಬೇರೆ ಬೇರೆ. ನಮ್ಮ ಕಿವಿಗೆ ಇಂಥ ವ್ಯತ್ಯಾಸ ಹೊಸದಲ್ಲ. ಅಚೋಲಿ ಮತ್ತು ಲಾಂಗೊ ಭಾಷೆಗಳಲ್ಲಿ ಈ ಎರಡೂ ಒಂದಾಗಿಬಿಟ್ಟಿವೆ. ಮೇಲೆ ಕಿಸುಮುವಿನವರು ಹೇಳಿದ ಒಕೊಥ್, ಒಕೊಟ್ ಹೆಸರುಗಳ ವ್ಯತ್ಯಾಸಕ್ಕೆ ಕಾರಣ ಇದೇ.

ಶಿಲ್ಲುಕ್ ವಿಷಯಕ್ಕೆ ಬಂದರೆ, ಅದರ ಹೆಚ್ಚಿನ ಪದಗಳ ಧಾತು ಒಂದೇ ಅಕ್ಷರದ್ದು. ಬೇರೆ ಭಾಷೆಗಳು ಪ್ರತ್ಯಯಗಳಿಂದ ಹೇಳುವುದನ್ನು ಅದು ಆ ಒಂದೇ ಅಕ್ಷರದೊಳಗೆ ಸ್ವರದ ಗುಣ, ದನಿಯ ಏರಿಳಿತ ಮತ್ತು ಉದ್ದವನ್ನು ಬದಲಿಸಿ ಹೇಳುತ್ತದೆ. ಹ್ರಸ್ವ, ದೀರ್ಘಗಳಲ್ಲದೆ ಅದಕ್ಕಿಂತಲೂ ಉದ್ದವಾದ ಮೂರನೆಯ ಪ್ರಮಾಣವೂ ಅಲ್ಲಿದೆ ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ನಮ್ಮ ಛಂದಸ್ಸಿನವರು ಪ್ಲುತವೆಂದು ಕರೆಯುವ ಮೂರು ಮಾತ್ರೆಯ ಸ್ವರ ಕನ್ನಡದಲ್ಲಿ ಕೂಗುವಾಗ, ಹಾಡುವಾಗ ಮಾತ್ರ ಬರುತ್ತದೆ. ಶಿಲ್ಲುಕ್‌ನಲ್ಲಿ ಅದು ಅರ್ಥವನ್ನೇ ಬೇರ್ಪಡಿಸುತ್ತದೆ. ಇನ್ನು ವಾಕ್ಯರಚನೆ. ದಕ್ಷಿಣದ ಲುವೊ ಭಾಷೆಗಳಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಅನುಕ್ರಮವಿದ್ದರೆ, ಶಿಲ್ಲುಕ್ ಮತ್ತು ಪಾರಿ ಭಾಷೆಗಳಲ್ಲಿ ಕರ್ಮವೇ ಮೊದಲು ಬಂದು ಕೆಲಸ ಮಾಡಿದವರು ಕ್ರಿಯಾಪದದ ನಂತರ ಬರುವ ವಾಕ್ಯಗಳು ಸಹಜ. ಕೆಲಸ ಮಾಡಿದವರನ್ನು ವಿಶೇಷವಾಗಿ ಗುರುತಿಸುವ ಪದ್ಧತಿಯೂ ಇದೆ. ಹಿಂದಿ ಕಲಿತವರಿಗೆ ಅಲ್ಲಿನ ನೇ ಪ್ರತ್ಯಯದ ಬಳಕೆ ನೆನಪಾದೀತು. ಆಫ್ರಿಕಾದ ಭಾಷೆಗಳಲ್ಲಿ ಇಂಥ ರಚನೆ ವಿರಳ.

ಉತ್ತರ: ಮಂಗಳೂರಿನ ಓದುಗಿ

ಭಾಷೆಗಳ ರಚನೆಯಷ್ಟೇ ಅವುಗಳನ್ನಾಡುವವರ ಇಂದಿನ ಸ್ಥಿತಿಯೂ ಮುಖ್ಯವೆಂದು ನನಗೆ ಅನ್ನಿಸುವುದರಿಂದ ಒಂದೆರಡು ಮಾತು ಸೇರಿಸುತ್ತೇನೆ.

ಈ ಬಳಗದಲ್ಲಿ ಧೊಲುವೊಗೆ ಇರುವಷ್ಟು ಭದ್ರತೆ ಬೇರೆ ನುಡಿಗಳಿಗಿಲ್ಲ. ಅದಕ್ಕೆ ಪೇಟೆಯಿದೆ, ಎಫ್‌ಎಂ ರೇಡಿಯೊಗಳಿವೆ, ಬೆಂಗಾ ಎಂಬ ಜನಪ್ರಿಯ ಸಂಗೀತವಿದೆ. ನ್ಯಾಟಿಟಿ ಎಂಬ ಎಂಟು ತಂತಿಗಳ ವಾದ್ಯದ ನುಡಿಸುವಿಕೆಯೇ ಮುಂದೆ ಗಿಟಾರಿಗೆ ಇಳಿದು ಬೆಂಗಾ ಆಯಿತೆಂದು ಸಂಗೀತ ಬಲ್ಲವರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಹೆಸರು ಮಾಡಿದ ಲೇಖಕಿ ಗ್ರೇಸ್ ಒಗೊಟ್ ಧೊಲುವೊದಲ್ಲೂ ಬರೆದರು. ಒಕೊಟ್ ಪ್'ಬಿಟೆಕ್ ತಮ್ಮ ಪ್ರಸಿದ್ಧ ಕಾವ್ಯವನ್ನು ಮೊದಲು ಅಚೋಲಿಯಲ್ಲಿ ರಚಿಸಿ ಆಮೇಲೆ ತಾವೇ ಇಂಗ್ಲಿಷಿಗೆ ತಂದರು. ಜಗತ್ತು ಓದಿದ್ದು ಇಂಗ್ಲಿಷನ್ನು, ಆದರೆ ಆ ಕಾವ್ಯದ ಬೈಗುಳ, ಗಾದೆ, ಲಯಗಳೆಲ್ಲ ಅಚೋಲಿಯವು.

ಅಚೋಲಿ ಜನರು ಎರಡು ದಶಕಗಳ ಯುದ್ಧವನ್ನು ಕಂಡವರು. 2000ದ ದಶಕದ ನಡುಭಾಗದಲ್ಲಿ ಉತ್ತರ ಉಗಾಂಡಾದಲ್ಲಿ ಮನೆ ಬಿಟ್ಟು ಶಿಬಿರಗಳಲ್ಲಿದ್ದವರು ಸುಮಾರು 18 ಲಕ್ಷ. ಅವರಲ್ಲಿ ಬಹುಪಾಲು ಅಚೋಲಿಗಳು. ಆ ಕಾಲದಲ್ಲಿ ಗುಲುವಿನ ಮೆಗಾ ಎಫ್‌ಎಂ ಕೇಂದ್ರವು ಅಪಹರಣಕ್ಕೊಳಗಾಗಿ ಬಂಡುಕೋರರ ಪಡೆ ಸೇರಿದ್ದ ಮಕ್ಕಳಿಗಾಗಿ ಮನೆಗೆ ಮರಳಿ ಬನ್ನಿ ಎಂಬ ಕಾರ್ಯಕ್ರಮವನ್ನು ಅಚೋಲಿಯಲ್ಲಿ ನಡೆಸಿತು. ತಪ್ಪಿಸಿಕೊಂಡು ಬಂದವರೇ ಅದರಲ್ಲಿ ಮಾತನಾಡುತ್ತಿದ್ದರು, ಕಾಡಿನಲ್ಲಿದ್ದವರು ಕದ್ದು ಕೇಳುತ್ತಿದ್ದರು. ಬಂದವರನ್ನು ಮತ್ತೆ ಸೇರಿಸಿಕೊಳ್ಳುವಾಗ ಹಿರಿಯರು ಮಾತೊ ಒಪುತ್ ಎಂಬ ಹಳೆಯ ರಾಜಿ ಪದ್ಧತಿಯನ್ನು ಮುಂದಿಟ್ಟರು. ಕೊಂದವರ ಕುಲ ಮತ್ತು ಸತ್ತವರ ಕುಲ ಕೂಡಿ ಒಪುತ್ ಮರದ ಬೇರಿನ ಕಹಿ ಪಾನೀಯವನ್ನು ಕುಡಿದು ಸಂಬಂಧವನ್ನು ಮತ್ತೆ ಬೆಸೆಯುವುದು ಅದರ ಕ್ರಮ.

ಉತ್ತರದ ಪರಿಸ್ಥಿತಿ ಇನ್ನೂ ಕಠಿಣವಾಗಿದೆ. 2003ರ ಡಿಸೆಂಬರಿನಲ್ಲಿ ಗಂಬೇಲಾದಲ್ಲಿ ನೂರಾರು ಅನುವಾಕರನ್ನು ಕೊಲ್ಲಲಾಯಿತು, ಸಾವಿರಾರು ಜನ ಗಡಿ ದಾಟಿ ಓಡಿದರು. 2013ರ ಕೊನೆಗೆ ಆರಂಭವಾದ ದಕ್ಷಿಣ ಸುಡಾನಿನ ಯುದ್ಧದಲ್ಲಿ ಶಿಲ್ಲುಕ್ ಸೀಮೆಯ ಮಲಕಾಲ್ ನಗರ ಮತ್ತೆ ಮತ್ತೆ ಕೈ ಬದಲಾಗಿ ಹಾಳಾಯಿತು. ಬಹಳಷ್ಟು ಶಿಲ್ಲುಕ್ ಕುಟುಂಬಗಳು ವಿಶ್ವಸಂಸ್ಥೆಯ ಆವರಣದಲ್ಲಿ ಆಸರೆ ಪಡೆಯಬೇಕಾಯಿತು. ನ್ಯಿಕಾಂಙ್‌ನ ಉತ್ತರಾಧಿಕಾರಿಯೆಂದು ರೆಥ್ ಎಂಬ ಅರಸನನ್ನು ಪಟ್ಟಕ್ಕೇರಿಸುವಾಗ ನಡೆಯುವ ಹುಸಿಯುದ್ಧ, ಮೆರವಣಿಗೆಗಳೆಲ್ಲ ಆ ನದಿದಂಡೆಯ ನಿರ್ದಿಷ್ಟ ಹಳ್ಳಿಗಳಿಗೆ ಅಂಟಿಕೊಂಡಿವೆ. ಊರು ಬಿಟ್ಟವರ ಮಕ್ಕಳು ಖಾರ್ಟೂಮಿನಲ್ಲಿ ಅರಬ್ಬಿ ಆಡುತ್ತ ಬೆಳೆದರೆ, ಭಾಷಾಸಕ್ತರು ವಿವರಿಸಿದ ಆ ಮೂರು ಪ್ರಮಾಣದ ಸ್ವರಗಳನ್ನು ಅವರಿಗೆ ಯಾರು ಕಲಿಸುತ್ತಾರೆಂಬ ಚಿಂತೆ ನನ್ನನ್ನು ಕಾಡುತ್ತದೆ.

ಶಾಲೆಗಳಲ್ಲಿ ಸ್ವಲ್ಪ ಬೆಳವಣಿಗೆಯಾಗಿದೆ. ಉಗಾಂಡಾದಲ್ಲಿ 2007ರಿಂದ ಮೊದಲ ಮೂರು ತರಗತಿಗಳಲ್ಲಿ ಸ್ಥಳೀಯ ಭಾಷೆಯಲ್ಲಿ ಕಲಿಸುವ ಪಠ್ಯಕ್ರಮ ಬಂದಿದೆ. ಅಚೋಲಿ, ಲಾಂಗೊ ಭಾಷೆಗಳಲ್ಲಿ ಪಾಠ ನಡೆಯುತ್ತದೆ. ನಾಲ್ಕನೆಯ ತರಗತಿಯಿಂದ ಇಂಗ್ಲಿಷಿಗೆ ಬದಲಾಗಬೇಕು. 2024ರ ಜೂನ್ ತಿಂಗಳಲ್ಲಿ ಗೂಗಲ್ ಅನುವಾದಕ್ಕೆ ಹೊಸದಾಗಿ ಸೇರಿದ 110 ಭಾಷೆಗಳಲ್ಲಿ ಲುವೊ, ಅಚೋಲಿ, ಅಲುರ್‌ಗಳಿದ್ದವು. ಅದೇ ಪಟ್ಟಿಯಲ್ಲಿ ನನ್ನ ಮನೆಮಾತಾದ ತುಳುವೂ ಇತ್ತು. ಆ ಪಟ್ಟಿಯನ್ನು ಓದುವಾಗಲೇ ಅಲುರ್ ಎಂಬ ಹೆಸರನ್ನು ನಾನು ಮೊದಲ ಬಾರಿಗೆ ಕಂಡದ್ದು. ಶಿಲ್ಲುಕ್ ಮತ್ತು ಅನುವಾಕ್ ಅದರಲ್ಲಿರಲಿಲ್ಲ.

ಉತ್ತರ: ಕಿಸುಮುವಿನಿಂದ

ಮಂಗಳೂರಿನವರು ಶಾಲೆಯ ವಿಷಯವೆತ್ತಿದ್ದರಿಂದ ಇಲ್ಲಿಯ ಸ್ಥಿತಿಯನ್ನು ತಿಳಿಸುತ್ತೇನೆ. ಕೀನ್ಯಾದಲ್ಲೂ 2017ರ ನಂತರ ಬಂದ ಹೊಸ ಪಠ್ಯಕ್ರಮವು ಆರಂಭದ ತರಗತಿಗಳಲ್ಲಿ ಮನೆಮಾತಿಗೆ ಜಾಗ ಕೊಟ್ಟಿದೆ. ಸಿಯಾಯಾದ ಹಳ್ಳಿಗಳಲ್ಲಿ ಅದು ಸಹಜವಾಗಿಯೇ ನಡೆಯುತ್ತದೆ. ಕಿಸುಮು ನಗರದ ಖಾಸಗಿ ಶಾಲೆಗಳಲ್ಲಿ ಮಾತ್ರ ಮಕ್ಕಳು ಇಂಗ್ಲಿಷ್ ಮತ್ತು ಸ್ವಾಹಿಲಿಯಲ್ಲೇ ಬೆಳೆಯುತ್ತಾರೆ. ರಜೆಗೆ ಅಜ್ಜಿಯ ಊರಿಗೆ ಹೋದಾಗ ಧೊಲುವೊ ಕಲಿಯುತ್ತಾರೆ. ಇಲ್ಲಿ ಒಂದು ಕುಟುಂಬದ ಊರಮನೆಯನ್ನು ದಾಲಾ ಎನ್ನುತ್ತಾರೆ. ತಂದೆಯ ಮನೆ, ತಾಯಂದಿರ ಮನೆಗಳು, ಬೆಳೆದ ಮಗನಿಗೆ ಬಾಗಿಲ ಬಳಿ ಸಿಂಬಾ ಎಂಬ ಗುಡಿಸಲು, ಹೀಗೆ ಯಾವುದನ್ನು ಎಲ್ಲಿ ಕಟ್ಟಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ನೈರೋಬಿಯಲ್ಲಿ ಎಷ್ಟೇ ವರ್ಷ ಬಾಳಿದವರನ್ನೂ ಸತ್ತ ಮೇಲೆ ದಾಲಾಕ್ಕೆ ತಂದೇ ಮಣ್ಣು ಮಾಡುತ್ತಾರೆ. ರೈಲಾ ಒಡಿಂಗಾ ಅವರ ದೇಹವನ್ನು ಕೇರಳದಿಂದ ನೈರೋಬಿಗೆ, ಅಲ್ಲಿಂದ ಕಿಸುಮುವಿಗೆ, ಕೊನೆಗೆ ಸಿಯಾಯಾದ ಬೊಂಡೊಗೆ ತಂದದ್ದು ಈ ಕಾರಣಕ್ಕೇ. ಅಂತ್ಯಕ್ರಿಯೆಯ ದಿನಗಳಲ್ಲಿ ನೈರೋಬಿಯಿಂದ ಬಂದ ಮೊಮ್ಮಕ್ಕಳು ಹಿರಿಯರೊಡನೆ ಕುಳಿತು ಕುಲದ ಹೆಸರುಗಳನ್ನೂ ಹೊಗಳಿಕೆಯ ಮಾತುಗಳನ್ನೂ ಕೇಳಿಸಿಕೊಳ್ಳುತ್ತಾರೆ. ನಗರದ ಮಕ್ಕಳು ಧೊಲುವೊವನ್ನು ಪೂರ್ತಿಯಾಗಿ ಬಿಟ್ಟುಕೊಡದಿರಲು ಈ ಪದ್ಧತಿಯೂ ಒಂದು ಕಾರಣವೆಂದು ಇಲ್ಲಿಯ ಅಧ್ಯಾಪಕರು ನನ್ನೊಡನೆ ಹೇಳಿದ್ದಾರೆ.